ಬಿಡುವ ಹೊತ್ತು

ಬಹಳ ಕಾಲ ಜೊತೆಗಿದ್ದವರು ನಿದ್ದೆ ಹೋಗಿರುವಾಗ ಅವರ ಮುಖ ನೋಡಿದರೆ ಒಂದು ಸಂಕೋಚ ಹುಟ್ಟುತ್ತದಲ್ಲ, ತ್ರಾಸಿಯ ಹತ್ತಿರದ ಆ ಗ್ಯಾರೇಜಿನ ಗುಂಡಿಗಿಳಿದು ತಲೆಯೆತ್ತಿ ನನ್ನದೇ ಕಾರಿನ ಹೊಟ್ಟೆಯನ್ನು ನೋಡಿದಾಗ ನನಗೆ ಅದೇ ಸಂಕೋಚ. ಸೆಪ್ಟೆಂಬರಿನ ಬೆಳಗು, ಮಳೆ ಆಗಷ್ಟೇ ನಿಂತಿತ್ತು. ತಗಡಿನ ಮಾಡಿನ ಅಂಚಿನಿಂದ ಹನಿಗಳು ಒಂದೊಂದಾಗಿ ಜಾರಿ ಹೊರಗಿನ ಟಯರಿನೊಳಗೆ ನಿಂತ ನೀರಿಗೆ ಬೀಳುತ್ತಿದ್ದವು. ಮೇಲೆ ಹದಿನಾರು ಮಳೆಗಾಲಗಳ ಕೆಸರು ಪದರ ಪದರವಾಗಿ ಒಣಗಿ, ಒಂದೊಂದು ಪದರಕ್ಕೂ ತಾನು ಹಾದು ಬಂದ ದಾರಿಯ ಬಣ್ಣವಿತ್ತು: ಘಟ್ಟದ ಮೇಲಿನ ಕೆಂಪು, ಗದ್ದೆಯಂಚಿನ ಕಪ್ಪು, ಕಡಲ ಬದಿಯ ಬೂದು. ಮೇಸ್ತ್ರಿಯ ಕೈಯ ಲೈಟು ಆ ಪದರಗಳ ಮೇಲೆ ನಿಧಾನವಾಗಿ ಹರಿದು, ಗೇರ್ ಬಾಕ್ಸಿನ ಅಲ್ಯೂಮಿನಿಯಂ ತಳದಲ್ಲಿ, ಹಳೆಯ ಎಣ್ಣೆಯನ್ನು ಹೊರಬಿಡುವ ಬೋಲ್ಟಿನ ಮೇಲೆ ಬಂದು ನಿಂತಿತು.

ಅದರ ತಲೆಯಲ್ಲಿ ಅಲೆನ್ ಕೀ ಕೂರಲೆಂದು ಕೊರೆದ ಆರು ಮೂಲೆಯ ಗುಳಿ ಗುಂಡಗಾಗಿ ಹೋಗಿತ್ತು. ಹಿಂದಿನ ಭಾನುವಾರ ಮನೆಯಂಗಳದಲ್ಲಿ, ಬೇಕಾದ ಅಳತೆಗಿಂತ ಒಂದೆಳೆ ಸಣ್ಣದಾದ ಕೀ ತೂರಿಸಿ ನಾನೇ ಬಲ ಹಾಕಿದ್ದೆ. ಮೂಲೆಗಳು ಸವೆದು ಕೀ ಜಾರಿದ ಗಳಿಗೆಯಲ್ಲಿ ಅಂಗೈಗೆ ತಿಳಿದ ಆ ಮೆತ್ತನೆಯ ಸೋಲು, ಉಕ್ಕು ಕೂಡ ಹಾಗೆ ಬೆಣ್ಣೆಯಂತೆ ಕೈಬಿಡಬಲ್ಲದು ಎಂಬ ಅಚ್ಚರಿ, ವಾರವಿಡೀ ಕೈಯಲ್ಲೇ ಉಳಿದಿತ್ತು. ಮೇಸ್ತ್ರಿ ಏನೂ ಕೇಳಲಿಲ್ಲ. ಲೈಟು ಪಕ್ಕಕ್ಕಿಟ್ಟು, ಕಿರುಬೆರಳನ್ನು ಗುಳಿಯೊಳಗೆ ಇಳಿಸಿ, ಕಣ್ಣು ಮುಚ್ಚಿ, ಮಗುವಿನ ಒಸಡಿನಲ್ಲಿ ಹಲ್ಲು ಮೂಡಿದೆಯೇ ಎಂದು ಹುಡುಕುವವರಂತೆ ಅದರ ಗೋಡೆಯನ್ನು ಒಂದು ಸುತ್ತು ಸವರಿದರು. ‘ಕಾಂಬ’ ಅಂದರು, ಅಷ್ಟೇ.

ಆ ಬೋಲ್ಟನ್ನು ಅಷ್ಟು ಗಟ್ಟಿಯಾಗಿ ಹಿಡಿದದ್ದು ಯಾರು ಎಂದು ಯೋಚಿಸುತ್ತ ಹೋದರೆ ದಾರಿ ಕಡಲಿಗೆ ಹೋಗಿ ಮುಟ್ಟುತ್ತದೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ. ಆಷಾಢದ ಗಾಳಿಗೆ ತೆರೆ ಕಲ್ಲಿಗೆ ಬಡಿದು ಒಡೆದಾಗ ಅದರ ಹುಡಿ ರಸ್ತೆಯ ಮೇಲೆ ತೂರಿ ಬಂದು, ಹಾದುಹೋಗುವ ಗಾಜುಗಳ ಮೇಲೆ ಕಣ್ಣೀರಿನಂತೆ ಒಣಗುತ್ತದೆ. ಆ ಉಪ್ಪು ಎಲ್ಲೆಲ್ಲಿಗೆ ಹೋಗುತ್ತದೆಂದು ನಾವು ಹಿಂಬಾಲಿಸುವುದಿಲ್ಲ. ಅದು ಚಕ್ರದ ಜೊತೆ ತಿರುಗಿ, ತಳಕ್ಕೆ ಸಿಡಿದು, ಹಳತಾದ ವಾಷರಿನ ಅಂಚಿನಲ್ಲಿ ಕೂದಲೆಳೆಯ ಸಂದು ಕಂಡು ಒಳಗೆ ಸೇರುತ್ತದೆ. ಅಲ್ಲಿ ಉಕ್ಕಿನ ಬೋಲ್ಟು, ಸುತ್ತ ಅಲ್ಯೂಮಿನಿಯಂ ಗೋಡೆ, ನಡುವೆ ಉಪ್ಪುನೀರಿನ ತೇವ; ಎರಡು ಬೇರೆ ಲೋಹಗಳು ಹೀಗೆ ಒಂದೇ ತೇವವನ್ನು ಹಂಚಿಕೊಂಡರೆ ಅವುಗಳ ನಡುವೆ ಅತಿ ಸಣ್ಣದೊಂದು ವಿದ್ಯುತ್ತು ಹರಿಯತೊಡಗುತ್ತದೆ, ಟಾರ್ಚಿನ ಸೆಲ್ಲಿನಲ್ಲಿ ಹರಿಯುವಂಥದ್ದೇ. ಆ ಹರಿವಿನಲ್ಲಿ ಅಲ್ಯೂಮಿನಿಯಂ ತನ್ನನ್ನು ತಾನು ಕೊಡುತ್ತ, ಚೂರು ಚೂರಾಗಿ ಬಿಳಿಯ ಹುಡಿಯಾಗುತ್ತದೆ. ಹುಡಿಗೆ ಲೋಹಕ್ಕಿಂತ ಹೆಚ್ಚು ಜಾಗ ಬೇಕು. ಹೋಗಲು ಬೇರೆ ದಾರಿಯಿಲ್ಲದೆ ಅದು ತಿರುಪಿನ ಸುರುಳಿಗಳ ನಡುವೆ ತುಂಬಿ, ಬಿಗಿದು, ಎರಡನ್ನೂ ಒಂದಾಗಿ ಕಟ್ಟುತ್ತದೆ. ನಾನು ಮಲಗಿದ್ದ ರಾತ್ರಿಗಳಲ್ಲಿ, ಕೊಟ್ಟಿಗೆಯ ಕತ್ತಲಲ್ಲಿ, ಯಾರೂ ಕಾಣದ ಆ ಎರಡಂಗುಲ ಜಾಗದಲ್ಲಿ ಕಡಲು ಇಷ್ಟು ವರ್ಷ ಸದ್ದಿಲ್ಲದೆ ದುಡಿದಿತ್ತು.

ಮೇಸ್ತ್ರಿ ಮೊದಲು ಆ ಬೋಲ್ಟನ್ನು ಮುಟ್ಟಲೇ ಇಲ್ಲ. ಗೇರ್ ಬಾಕ್ಸಿನ ಪಕ್ಕದಲ್ಲಿ, ಸ್ವಲ್ಪ ಎತ್ತರದಲ್ಲಿರುವ, ಹೊಸ ಎಣ್ಣೆ ತುಂಬಿಸುವ ಬಾಯಿಯ ಮುಚ್ಚಳವನ್ನು ಹುಡುಕಿ, ಉಜ್ಜಿ, ಅದು ಬಿಚ್ಚುತ್ತದೆಂದು ಖಾತ್ರಿ ಮಾಡಿಕೊಂಡು ಮತ್ತೆ ಮುಚ್ಚಿದರು. ತುಂಬುವ ದಾರಿ ತೆರೆದಿದೆಯೆಂದು ತಿಳಿಯುವ ಮುನ್ನ ಬರಿದಾಗುವ ದಾರಿಗೆ ಕೈ ಹಾಕುವುದಿಲ್ಲ. ಬಲ್ಲವರೆಲ್ಲ ಪಾಲಿಸುವ ಕ್ರಮ ಅದು. ಕಸುಬಿನ ಎಚ್ಚರ ಅಷ್ಟೇ ಇರಬಹುದು, ಆದರೂ ಆ ಗುಂಡಿಯ ಮಬ್ಬಿನಲ್ಲಿ ಅದು ನನಗೆ ಪೂಜೆಗೆ ಮುಂಚೆ ದೀಪ ಹಚ್ಚಿದಂತೆ ಕಂಡಿತು. ಆಮೇಲೆ, ಒಂದು ಸುತ್ತು ಓಡಿಸಿಕೊಂಡು ಬನ್ನಿ, ಮೈ ಬಿಸಿಯಾಗಲಿ ಅಂದರು.

ಹಾಗೆ ಮತ್ತೆ ಕಡಲ ಬದಿಗೆ ಹೋದೆ. ಮೋಡ ಹರಿದು ನೀರಿನ ಮೇಲೆ ಬಿಸಿಲಿನ ತೇಪೆಗಳು ಬಿದ್ದಿದ್ದವು, ನದಿಯ ಬದಿಯಲ್ಲಿ ತೆಂಗಿನ ಸಾಲು ತಲೆಕೆಳಗಾಗಿ ನಿಂತಿತ್ತು, ಮತ್ತು ಅಂಗೈಯ ಕೆಳಗೆ ಗೇರಿನ ಕೋಲು ಒಂದು ಸಣ್ಣ ಗುಂಯ್‌ಗುಡುವಿಕೆಯಲ್ಲಿ ನಡುಗುತ್ತಿತ್ತು. ಇಷ್ಟು ವರ್ಷ ಹಿಡಿದ ಕೋಲು; ಅದರ ಬುಡದ ಕತ್ತಲೆಗೆ ಮನಸ್ಸು ಇಳಿದದ್ದು ಅಂದೇ. ಅಲ್ಲಿ ಹಲ್ಲಿಗೆ ಹಲ್ಲು ಕೊಟ್ಟು ತಿರುಗುವ ಚಕ್ರಗಳು, ಎರಡು ಹಲ್ಲುಗಳು ಒತ್ತುವ ಗಳಿಗೆಯಲ್ಲಿ ನಡುವೆ ಉಳಿಯುವ ಎಣ್ಣೆಯ ಪೊರೆ ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳು. ನಾವು ಉಸಿರಾಡುವ ಗಾಳಿಯ ಒತ್ತಡದ ಸಾವಿರಾರು ಪಟ್ಟು ಭಾರ ಆ ಪೊರೆಯ ಮೇಲೆ ಬೀಳುತ್ತದಂತೆ. ಆ ಭಾರದಲ್ಲಿ ಎಣ್ಣೆ ಹರಿಯುವುದನ್ನೇ ಮರೆತು ಕ್ಷಣಮಾತ್ರ ಗಟ್ಟಿಯಾದಂತಾಗಿ, ಹಲ್ಲು ದಾಟಿದ ಕೂಡಲೆ ಮತ್ತೆ ದ್ರವವಾಗಿ ಜಾರುತ್ತದೆ. ಎಡಕ್ಕೆ ತೆರೆಗಳು ಕಟ್ಟಿ ಒಡೆಯುತ್ತಿದ್ದವು, ನನ್ನ ಕೈಯಡಿಯಲ್ಲಿ ಇನ್ನೊಂದು ಪುಟ್ಟ ಕಡಲು ನಿಮಿಷಕ್ಕೆ ಸಾವಿರ ಸಲ ಕಟ್ಟಿ ಒಡೆಯುತ್ತಿತ್ತು.

ಮರಳಿ ಬರುವಾಗ ಗೇರ್ ಬಾಕ್ಸು ಜ್ವರ ಬಂದವರ ಹಣೆಯಷ್ಟು ಬಿಸಿಯಾಗಿತ್ತು. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಹಾಗಾಗಿ ಗೋಡೆ ಬೋಲ್ಟಿನಿಂದ ಒಂದು ನೂಲಿನ ಸಾವಿರದೊಂದು ಪಾಲು ಹಿಂದೆ ಸರಿದು ನಿಂತಿರುತ್ತದೆ. ಮೇಸ್ತ್ರಿ ಗುಳಿಗಿಂತ ತುಸುವೇ ದೊಡ್ಡದಾದ, ಆರು ಮೊನೆಯ ನಕ್ಷತ್ರದಂಥ ಸ್ಟಾರ್ ಬಿಟ್ಟೊಂದನ್ನು ಆಯ್ದು, ಅದನ್ನು ನೆಟ್ಟಗೆ ಹಿಡಿದು, ಕೆಳಗಿನಿಂದ ಮೇಲಕ್ಕೆ ಸುತ್ತಿಗೆಯಲ್ಲಿ ತಟ್ಟಿದರು. ಜೋರಾಗಿ ಹೊಡೆಯಲಿಲ್ಲ. ಒಂದು ಏಟು, ಒಂದು ನಿಲುಗಡೆ. ಆ ನಿಲುಗಡೆಯಲ್ಲಿ ಕಿವಿ. ಮೊದಲ ಏಟುಗಳ ದನಿ ಮಂಕು, ಒದ್ದೆ ಮರಕ್ಕೆ ಬಡಿದಂತೆ. ನಕ್ಷತ್ರದ ಮೊನೆಗಳು ಸವೆದ ಗೋಡೆಯಲ್ಲಿ ತಮಗೆ ತಾವೇ ಆರು ಹೊಸ ಕಣಿವೆ ಕೊರೆದುಕೊಳ್ಳುತ್ತ ಒಳಗೆ ಹೋದಂತೆ ದನಿ ಏರಿತು, ತೆಳುವಾಯಿತು, ಕೊನೆಗೊಂದು ಏಟಿಗೆ ಜಾಗಟೆಯ ಅಂಚು ಮುಟ್ಟಿದಂಥ ನಾದ ಬಂದಾಗ ಅವರು ಸುತ್ತಿಗೆ ಕೆಳಗಿಟ್ಟರು. ಬಿಟ್ಟು ಕೂತಿತ್ತು, ಅಲುಗಿದ ಏಟಿಗೆ ಒಳಗಿನ ಬಿಳಿಯ ಹುಡಿಯೂ ಬಿರುಕು ಬಿಟ್ಟಿರಬೇಕು.

ನಂತರ ಉದ್ದನೆಯ ಹಿಡಿ ಸಿಕ್ಕಿಸಿ ಎಡಕ್ಕೆ ಒತ್ತಿದರು, ಎಳೆಯದೆ, ಜಗ್ಗದೆ, ನಿದ್ದೆಯಲ್ಲಿರುವ ಮಗುವಿನ ಮುಷ್ಟಿ ಬಿಡಿಸುವಂತೆ ಒಂದೇ ಹದದಲ್ಲಿ. ಏನೂ ಆಗಲಿಲ್ಲ. ಇನ್ನೂ ಏನೂ ಆಗಲಿಲ್ಲ. ಮಾಡಿನ ಹನಿ ಬಿತ್ತು, ಮತ್ತೊಂದು ಬಿತ್ತು. ಆ ಕಾಯುವಿಕೆಯಲ್ಲಿ ನಾನು ಉಸಿರು ಹಿಡಿದದ್ದು ನನಗೇ ಗೊತ್ತಾಗಲಿಲ್ಲ. ಆಮೇಲೆ ಒಂದು ಸದ್ದು, ಹಲಸಿನ ಬೀಜ ಕೆಂಡದಲ್ಲಿ ಬಿರಿದಂತೆ, ಚಟ್ ಎಂದಿತು. ಹಿಡಿ ಒಂದು ಕೂದಲಗಲ ಸರಿದಿತ್ತು. ಬೋಲ್ಟಿನ ಮೈಮೇಲಿನ ತಿರುಪು ಘಾಟಿಯ ರಸ್ತೆಯಿದ್ದಂತೆ, ಬೆಟ್ಟವನ್ನು ಸುತ್ತಿ ಸುತ್ತಿ ಇಳಿಯುವ ಒಂದೇ ದಾರಿ, ಇಡೀ ಒಂದು ಸುತ್ತಿಗೆ ಇಳಿಯುವುದು ಬರೀ ಒಂದೂವರೆ ಮಿಲಿಮೀಟರ್. ಆ ದಾರಿಯಲ್ಲಿ ಅದು ಸುತ್ತು ಸುತ್ತಾಗಿ ಕೆಳಗಿಳಿದು, ಕೊನೆಯ ತಿರುವಿನಲ್ಲಿ ಮೇಸ್ತ್ರಿಯ ಬೆರಳಿಗೆ ತಾನೇ ಬಂದು ಬಿತ್ತು. ಹಿಂದೆಯೇ ಎಣ್ಣೆ.

ಅದು ಜೋನಿಬೆಲ್ಲದಂತೆ, ಮುರಿಯದ ಒಂದೇ ಎಳೆಯಾಗಿ, ದೀಪಾವಳಿಯ ಮರುಬೆಳಗಿನ ಅಂಗಳದ ಗಂಧಕದ ವಾಸನೆಯೊಂದಿಗೆ ಇಳಿಯಿತು. ಗೇರಿನ ಎಣ್ಣೆಗೆ ಗಂಧಕ ಬೆರೆಸಿರುತ್ತಾರೆ, ಪೊರೆ ಹರಿದ ಕಡೆ ಲೋಹವನ್ನು ಕಾಯಲೆಂದು. ಬೋಲ್ಟಿನ ತುದಿಯ ಸಣ್ಣ ಅಯಸ್ಕಾಂತದ ಮೇಲೆ ಸವೆದ ಉಕ್ಕು ಕಂಬಳಿಹುಳದ ರೋಮದಂತೆ ಕಪ್ಪಗೆ ನಿಗುರಿ ನಿಂತಿತ್ತು. ಆದರೆ ನನ್ನ ಕಣ್ಣು ಹೋದದ್ದು ಬೋಗುಣಿಗೆ. ಬಾಗಿಲ ಸಂದಿನಿಂದ ಬಂದ ಬಿಸಿಲ ಕೋಲು ಎಣ್ಣೆಯ ಮೇಲೆ ಬಿದ್ದಾಗ ಅದರ ಆಳದಲ್ಲಿ ಚಿನ್ನ ತೇಲುತ್ತಿತ್ತು, ಹುಡಿಯಾದ, ಮಂದವಾಗಿ ಸುಳಿಯುವ, ಲೆಕ್ಕವಿಲ್ಲದ ಚಿನ್ನ. ಹಿತ್ತಾಳೆ, ಅಂದರು ಮೇಸ್ತ್ರಿ. ಗೇರ್ ಬದಲಿಸುವಾಗ ಬೇರೆ ಬೇರೆ ವೇಗದಲ್ಲಿರುವ ಎರಡು ಚಕ್ರಗಳನ್ನು ಸವರಿ ಸಮಾಧಾನಿಸಿ ಒಂದೇ ಗತಿಗೆ ತರುವ ಉಂಗುರಗಳದು. ಪ್ರತಿ ಸಲವೂ ಅವು ತಮ್ಮ ಮೈಯ ಒಂದು ಕಣ ಬಿಟ್ಟುಕೊಡುತ್ತವೆ, ಹಿತ್ತಾಳೆಯನ್ನು ಅಯಸ್ಕಾಂತ ಹಿಡಿಯುವುದಿಲ್ಲ. ಹಾಗಾದರೆ ಹುಲಿಕಲ್ ಘಾಟಿಯ ತಿರುವಿನಲ್ಲಿ ಎರಡನೆಯ ಗೇರಿಗೆ ಇಳಿದದ್ದು, ತುಂಬಿದ ಬಸುರಿ ತಂಗಿಯನ್ನು ಕುಂದಾಪುರದ ಆಸ್ಪತ್ರೆಗೆ ಕರೆದೊಯ್ದ ರಾತ್ರಿ ಅವಸರದಲ್ಲಿ ಹಾಕಿದ್ದು, ಅಪ್ಪನ ಬೂದಿಯ ಮಡಕೆ ಪಕ್ಕದ ಸೀಟಿನಲ್ಲಿದ್ದ ದಿನ ಅಲುಗದಿರಲೆಂದು ಮೆಲ್ಲಗೆ ಮೆಲ್ಲಗೆ ಬದಲಿಸಿದ್ದು, ಎಲ್ಲದರ ಕಣವೂ ಅಲ್ಲಿ ಬಿಸಿಲಲ್ಲಿ ತಿರುಗುತ್ತಿತ್ತು. ಎಳೆ ಸಪೂರಾಗಿ, ಹನಿಗಳಾಗಿ, ಹನಿಗಳ ನಡುವಿನ ಹೊತ್ತು ಉದ್ದವಾಗುವವರೆಗೆ ನಾವಿಬ್ಬರೂ ಮಾತಾಡಲಿಲ್ಲ.

ಹೊಸ ಬೋಲ್ಟು ಕಾಗದದ ಪೊಟ್ಟಣದಲ್ಲಿತ್ತು, ಅದರ ಜೊತೆ ಕೆಂಪಗೆ ಹೊಳೆಯುವ ತಾಮ್ರದ ವಾಷರು. ಒಂದು ಕಾಲದಲ್ಲಿ ಪ್ರತಿ ಕಮ್ಮಟವೂ ತನ್ನದೇ ಅಳತೆಯ ತಿರುಪು ಕಡೆಯುತ್ತಿತ್ತು, ಒಂದು ಬೋಲ್ಟು ತನ್ನ ಜೊತೆ ಹುಟ್ಟಿದ ನಟ್ಟಿಗೆ ಮಾತ್ರ ಒಗ್ಗುತ್ತಿತ್ತು. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ ಎಲ್ಲ ತಿರುಪುಗಳ ಕೋನ 55 ಡಿಗ್ರಿ ಇರಲಿ, ಒಂದೊಂದು ಗಾತ್ರಕ್ಕೆ ಒಂದೊಂದೇ ಅಳತೆ ಇರಲಿ ಎಂದು ಸೂಚಿಸಿದರು. ಈಗಿನ ಮೆಟ್ರಿಕ್ ತಿರುಪಿನ ಕೋನ 60 ಡಿಗ್ರಿ, ಆದರೆ ಅಂದು ಹಿಡಿದ ದಾರಿಯಿಂದಲೇ, ಯಾವುದೋ ಊರಿನ ಯಾವುದೋ ಯಂತ್ರದಲ್ಲಿ ಹುಟ್ಟಿದ ಬೋಲ್ಟು, ತಾನು ಕಂಡೇ ಇರದ ಒಂದು ಕುಳಿಯ ಸುರುಳಿಗೆ ಸರಿಯಾಗಿ ಹೊಂದುವುದು.

ಕುಳಿಯನ್ನು ಬಟ್ಟೆಯಿಂದ ಒರೆಸಿದ ಮೇಲೆ ಮೇಸ್ತ್ರಿ ಬೋಲ್ಟನ್ನು ನನ್ನ ಕೈಗೆ ಕೊಟ್ಟರು. ಪಾನಾ ಬೇಡ, ಬೆರಳಲ್ಲೇ. ಮೊದಲು ಬಿಚ್ಚುವ ದಿಕ್ಕಿಗೆ ತಿರುಗಿಸಿ, ಅಂದರು, ಒತ್ತಬೇಡಿ. ಕುಳಿಯ ಬಾಯಿಗೆ ಬೋಲ್ಟನ್ನು ತಾಗಿಸಿ, ಕತ್ತಲೆಯಲ್ಲಿ, ಎಡಕ್ಕೆ, ಮೆಲ್ಲಗೆ ತಿರುಗಿಸಿದೆ. ಬೆಚ್ಚಗಿನ ಕೊನೆಯ ಹನಿಯೊಂದು ಮಣಿಕಟ್ಟಿನಿಂದ ಮೊಣಕೈಗೆ ಇಳಿಯಿತು. ಕಾಲು ಸುತ್ತು, ಅರ್ಧ ಸುತ್ತು, ಆಮೇಲೆ ಎಲ್ಲಿಂದಲೋ, ಕಿವಿಗೆ ಕೇಳದಷ್ಟು ಸಣ್ಣಗೆ, ಬೆರಳ ತುದಿಗೆ ಮಾತ್ರ ತಿಳಿಯುವಂತೆ, ಒಂದು ಸುರುಳಿಯ ಮೊದಲು ಇನ್ನೊಂದು ಸುರುಳಿಯ ಮೊದಲಿನೊಳಗೆ ‘ಟಿಕ್’ ಎಂದು ಬಿತ್ತು.