ಮೊದಲು ಆಕಾಶವೋ, ತೇಜಸ್ಸೋ?

ತೈತ್ತಿರೀಯದಲ್ಲಿ ಆತ್ಮದಿಂದ ಮೊದಲು ಹುಟ್ಟುವುದು ಆಕಾಶ, ಛಾಂದೋಗ್ಯದ ಆರನೆಯ ಅಧ್ಯಾಯದಲ್ಲಿ ತೇಜಸ್ಸು, ಪ್ರಶ್ನೋಪನಿಷತ್ತಿನಲ್ಲಿ ಪ್ರಾಣ. ಮೂರೂ ಶ್ರುತಿಯೇ. ನಂಬುವುದು ಯಾವುದನ್ನು?

ಪುಣೆಯ ನನ್ನ ಆಫೀಸಿನಲ್ಲಿ ಎರಡು ರಿಕ್ವೈರ್‌ಮೆಂಟ್ ದಾಖಲೆಗಳು ತಾಳೆಯಾಗದಿದ್ದರೆ ಒಂದನ್ನು ತಿದ್ದಿಸುತ್ತೇನೆ. ಶಂಕರರಿಗೆ ಆ ಅನುಕೂಲವಿಲ್ಲ. ಬ್ರಹ್ಮಸೂತ್ರ ಭಾಷ್ಯದ 2.3ರಲ್ಲಿ ಅವರು ತೇಜಸ್ಸಿಗೂ ಮುಂಚೆ ಆಕಾಶ, ವಾಯುಗಳನ್ನು ಸೇರಿಸಿ ಓದುತ್ತಾರೆ. 1.4.14ರ ಮಾತು ಇನ್ನೂ ಆಳ: ಕ್ರಮದಲ್ಲಿ ಭೇದವಿದ್ದರೂ ಕಾರಣದಲ್ಲಿ ಭೇದವಿಲ್ಲ, ಶ್ರುತಿ ಫಲ ಹೇಳಿರುವುದು ಬ್ರಹ್ಮವನ್ನು ತಿಳಿದವನಿಗೆ, ಸೃಷ್ಟಿಕ್ರಮ ತಿಳಿದವನಿಗಲ್ಲ.

ಇದು ಜಾರಿಕೊಳ್ಳುವ ದಾರಿಯಲ್ಲವೇ? ಹೊಂದದ್ದನ್ನೆಲ್ಲ ‘ತಾತ್ಪರ್ಯವಲ್ಲ’ ಎಂದುಬಿಟ್ಟರೆ ಯಾವ ಗ್ರಂಥವೂ ಸೋಲುವುದಿಲ್ಲ. ಆದರೆ ಫಲ ಎಲ್ಲಿ ಹೇಳಿದೆ ಎಂಬ ಅಳತೆಗೋಲು ಪಠ್ಯದಲ್ಲೇ ಇದೆ, ನಮ್ಮ ಕೈಯಲ್ಲಿಲ್ಲ. ಅದಕ್ಕೊಂದು ಬೆಲೆಯೂ ಇದೆ: ಸೃಷ್ಟಿಕ್ರಮ ಮುಖ್ಯವಲ್ಲ ಎಂದು ಇಂದು ಒಪ್ಪಿದವರು, ನಾಳೆ ಅದೇ ಸಾಲುಗಳಲ್ಲಿ ವಿಜ್ಞಾನವಿದೆ ಎಂದು ಬೀಗುವಂತಿಲ್ಲ.