ಅಕರಣವೂ ಪ್ರತ್ಯವಾಯವೂ

ಮಾಡಿದರೆ ವಿಶೇಷ ಫಲವಿಲ್ಲ, ಬಿಟ್ಟರೆ ಮಾತ್ರ ದೋಷವುಂಟು ಎಂದು ಮೀಮಾಂಸಕರು ನಿತ್ಯಕರ್ಮದ ವಿಷಯದಲ್ಲಿ ಹೇಳುವ ಮಾತು ಮೊದಲ ನೋಟಕ್ಕೆ ಅನ್ಯಾಯವೆಂದೇ ತೋರುತ್ತದೆ. ಸ್ವರ್ಗವನ್ನು ಬಯಸಿದವನು ಯಾಗ ಮಾಡುವನು, ಸ್ವರ್ಗವನ್ನು ಪಡೆಯುವನು. ಕಾಮ್ಯಕರ್ಮದ ಲೆಕ್ಕ ಅಲ್ಲಿಗೆ ಚುಕ್ತಾ. ಸಂಧ್ಯಾವಂದನೆಯನ್ನು ಆಯುಷ್ಯವಿಡೀ ತಪ್ಪದೆ ನಡೆಸಿದವನಿಗಾದರೋ, ಪ್ರತ್ಯವಾಯವೆಂಬ ಆ ದೋಷವು ತಗಲದೆ ಹೋಯಿತೆಂಬುದನ್ನು ಬಿಟ್ಟರೆ ಕೈಗೆ ಬಂದುದು ಏನೂ ಇಲ್ಲ. ಇದರ ಮೇಲೆ ಶಂಕರಾಚಾರ್ಯರು ಎತ್ತಿದ ಆಕ್ಷೇಪವು ಇನ್ನೂ ತೀಕ್ಷ್ಣವಾದುದು. ಮಾಡದಿರುವುದು, ಎಂದರೆ ಅಕರಣವೆಂಬುದು, ಅಭಾವ; ಅಭಾವದಿಂದ ದೋಷವೆಂಬ ಭಾವವಸ್ತುವು ಹುಟ್ಟುವುದೆಂತು? ಅಕರಣವು ದೋಷದ ಜನಕವಲ್ಲ, ಹಿಂದೆ ಕೂಡಿಬಿದ್ದ ದುರಿತವು ಫಲಿಸಲಿರುವುದರ ಕುರುಹು ಮಾತ್ರ, ಎಂಬುದು ತೈತ್ತಿರೀಯಭಾಷ್ಯದ ಆರಂಭದಲ್ಲಿ ಅವರು ಕೊಡುವ ಸಮಾಧಾನ.

ಈ ವಾದವನ್ನು ಬಹುಕಾಲ ಪುಸ್ತಕದಲ್ಲಿಯೇ ಓದುತ್ತಿದ್ದ ನನಗೆ ಅದು ಕಣ್ಣೆದುರು ಬಂದುದು ನ್ಯೂಜೆರ್ಸಿಯಲ್ಲಿ, ಮಗನ ಮನೆಯ ಮುಂದೆ, ಬೀದಿಯಿಂದ ಗ್ಯಾರೇಜಿನ ಬಾಗಿಲವರೆಗೆ ಹಾಸಿರುವ ಡಾಂಬರಿನ ದಾರಿಯಲ್ಲಿ. ಅಲ್ಲಿಯವರು ಅದನ್ನು ಡ್ರೈವ್‌ವೇ ಎನ್ನುತ್ತಾರೆ. ಎಡ್ವರ್ಡ್ ಡಿ ಸ್ಮೆಟ್ ಎಂಬ ಬೆಲ್ಜಿಯಂ ದೇಶದ ರಸಾಯನಜ್ಞನು 1870ರಲ್ಲಿ ನೆವಾರ್ಕ್ ನಗರಸಭೆಯ ಮುಂದೆ ಆಸ್ಫಾಲ್ಟ್ ಎಂಬ ಈ ಹಾಸನ್ನು ಹಾಸಿದ್ದು ಇದೇ ಸೀಮೆಯಲ್ಲಿ. ಈಗ ಮನೆಮನೆಗೂ ಅದು ಉಂಟು. ಆ ಹಾಸಿನ ತೂಕದಲ್ಲಿ ನೂರಕ್ಕೆ ಸುಮಾರು 95 ಪಾಲು ಜಲ್ಲಿ, ಮರಳು. ಅವೆಲ್ಲವನ್ನೂ ಹಿಡಿದು ನಿಲ್ಲಿಸಿರುವ ಬಿಟುಮೆನ್ ಎಂಬ ಅಂಟು ಐದೋ ಆರೋ ಪಾಲು. ಬಿಸಿಲೂ ಗಾಳಿಯೊಳಗಣ ಆಮ್ಲಜನಕವೂ ಈ ಅಲ್ಪಭಾಗವನ್ನೇ ಹುಡುಕಿಕೊಂಡು ಬರುವವು. ಕಪ್ಪಾಗಿದ್ದುದು ಬೂದಿಯ ಬಣ್ಣಕ್ಕೆ ತಿರುಗಿ, ಮಣಿಯುತ್ತಿದ್ದುದು ಪೆಡಸಾಗಿ, ಕೂದಲೆಳೆಯಷ್ಟು ಬಿರುಕೊಂದು ಬಿಡುತ್ತದೆ. ಅದರೊಳಗಿಳಿದ ನೀರು ಜನವರಿಯ ರಾತ್ರಿಯಲ್ಲಿ ಹೆಪ್ಪುಗಟ್ಟುವಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗಿ ಬಿರುಕನ್ನು ಅಗಲಿಸುತ್ತದೆ, ಹಗಲು ಕರಗಿ ಇನ್ನೂ ಕೆಳಗಿಳಿದು ತಳದ ಜಲ್ಲಿಯನ್ನು ಸಡಿಲಿಸುತ್ತದೆ. ಇವುಗಳಲ್ಲಿ ಯಾವೊಂದನ್ನೂ ಮನೆಯೊಡೆಯನ ಆಲಸ್ಯವು ಹುಟ್ಟಿಸಲಿಲ್ಲ. ಬಿಸಿಲು ಮೊದಲೇ ಇತ್ತು, ನೀರೂ ಇತ್ತು. ಅಕರಣವು ಅವಕ್ಕೆ ಅಡ್ಡ ಬರಲಿಲ್ಲ, ಅಷ್ಟೆ. ಆಚಾರ್ಯರ ಮಾತು ಇಲ್ಲಿ ನೂರಕ್ಕೆ ನೂರು ಸಲ್ಲುವುದೆಂದು ನನಗೆ ತೋರಿತು.

ಮೇ ತಿಂಗಳ ಒಂದು ಶನಿವಾರ ಮಗನು ಬಿರುಕುಗಳನ್ನು ಮುಚ್ಚಿ ಲೇಪ ಕೊಡುವ ಕೆಲಸಕ್ಕೆ ಕುಳಿತನು. “ಅಪ್ಪಾ, ಇನ್ನೆರಡು ದಿನ ಇದರ ಮೇಲೆ ಕಾಲಿಡಬೇಡಿ, ಕಾರು ಬೀದಿಯಲ್ಲೇ ಇರಲಿ” ಎಂದು ನನಗೆ ವಿಧಿನಿಷೇಧಗಳನ್ನು ಮೊದಲೇ ತಿಳಿಸಿದ್ದನು. ಮೊಣಕಾಲೂರಿ, ಸ್ಕ್ರೂಡ್ರೈವರಿನ ತುದಿಯಿಂದ ಬಿರುಕಿನೊಳಗಣ ಹುಲ್ಲನ್ನು ಬೇರುಸಹಿತ ಮೀಟಿ ತೆಗೆದು, ಧೂಳನ್ನು ಗುಡಿಸಿ, ಒಣಗಿದೆಯೆಂದು ಬೆರಳಿನಿಂದ ಮುಟ್ಟಿ ನೋಡಿ, ಕಪ್ಪು ದ್ರವವನ್ನು ಸುರಿದು ಅಲಗಿನಿಂದ ಸಮನಾಗಿ ಎಳೆದನು. ಕಾರಿನಿಂದ ಎಣ್ಣೆ ತೊಟ್ಟಿಕ್ಕಿದ ಕಡೆ ಸೋಪಿನ ನೀರು ಹಾಕಿ ಉಜ್ಜಿದನು. ಬಿಟುಮೆನ್ನೂ ಆ ಎಣ್ಣೆಯೂ ಒಂದೇ ಕುಲದವಾದುದರಿಂದ ಒಂದು ಇನ್ನೊಂದನ್ನು ಕರಗಿಸುತ್ತದೆ. (ದಾಯಾದಿಗಳ ಸಂಗತಿ ಎಲ್ಲೆಡೆಯೂ ಒಂದೇ.) ಇಷ್ಟೆಲ್ಲ ಆದ ಮೇಲೆ ದೊರೆತ ಫಲವೇನು? ಕಾರು ನಿಂತಲ್ಲಿಯೇ ನಿಂತಿತು. ನನ್ನ ತಾಯಿ ಮಣ್ಣಿನ ನೆಲವನ್ನು ಸಗಣಿಯಿಂದ ಸಾರಿಸುತ್ತಿದ್ದ ಕಾಲದಲ್ಲಿಯೂ, ನೆಲವು ನೆಲವಾಗಿಯೇ ಉಳಿಯಿತೆಂಬುದಲ್ಲದೆ ಬೇರೆ ಲಾಭವನ್ನು ಯಾರೂ ಕಂಡಿರಲಿಲ್ಲ.

ನಿತ್ಯವು ಕಾಮ್ಯಕ್ಕೆ ಜಾರುವುದೂ ಇಲ್ಲಿಯೇ ಕಾಣುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಮೇಲ್ಲೇಪ ಕೊಟ್ಟರೆ ಸಾಕಾಗುವಲ್ಲಿ, ಹೊಸದರಂತೆ ಮಿರುಗಲೆಂದು ವರ್ಷವರ್ಷವೂ ಬಳಿಯುವವರುಂಟು. ಪದರದ ಮೇಲೆ ಪದರ ಕೂತು ಕೊನೆಗೆ ಹೊಪ್ಪಳಿಕೆಯಾಗಿ ಏಳುತ್ತದೆ. ತಳವೇ ಕುಸಿದು ಮೇಲ್ಮೈಯೆಲ್ಲ ಮೊಸಳೆಯ ಚರ್ಮದಂತೆ ಚೌಕಚೌಕವಾಗಿ ಒಡೆದ ಮೇಲಂತೂ ಯಾವ ಲೇಪವೂ ವ್ಯರ್ಥ, ಅಗೆದು ತೆಗೆಯಬೇಕು.

ಹಾಗಾದರೆ ಏನೂ ಮಾಡದವನು ನಿರ್ದೋಷಿಯೆ? ಅಷ್ಟು ಸುಲಭವಾಗಿ ಒಪ್ಪಲಾರೆನು. ಬಿರುಕನ್ನು ಕಾಣದವನ ಅಕರಣವು ಶುದ್ಧ ಅಭಾವವೇ ಸರಿ. ಆದರೆ ಕಂಡು, ಚಳಿಗಾಲ ಬರುವುದೆಂದು ತಿಳಿದು, ದಾಟಿ ಒಳಹೊಕ್ಕವನು ಆ ಗಳಿಗೆಯಲ್ಲಿ ಬೇರೊಂದನ್ನು ಆರಿಸಿಕೊಂಡಿದ್ದಾನೆ. ಆ ಆಯ್ಕೆಯು ಅಭಾವವಲ್ಲ, ಮನಸ್ಸಿನ ಕ್ರಿಯೆ. ಪ್ರತ್ಯವಾಯಕ್ಕೆ ಆಶ್ರಯ ಬೇಕಾದರೆ ಅದನ್ನು ಬಿರುಕಿನಲ್ಲಿ ಅರಸದೆ ಇಲ್ಲಿ ಅರಸಬೇಕು. ಮೀಮಾಂಸಕರ ಮಾತು ಉಳಿಯುವುದೂ ಇಷ್ಟರಮಟ್ಟಿಗೆ.

ಉಳಿದ ತೊಡಕು ಬೇರೊಂದು. ಈ ಲೇಪಗಳಲ್ಲಿ ಕಲ್ಲಿದ್ದಲಿನ ಟಾರಿನಿಂದ ಮಾಡಿದ್ದೊಂದು ಜಾತಿಯುಂಟು. ಬಾಳಿಕೆ ಹೆಚ್ಚು, ಎಣ್ಣೆಗೂ ಜಗ್ಗದು. ಆದರೆ ಸವೆದ ಅದರ ಪುಡಿಯು ಮಳೆಯೊಡನೆ ಹಳ್ಳಗಳನ್ನು ಸೇರಿ, ಕ್ಯಾನ್ಸರಿಗೆ ಕಾರಣವೆನಿಸುವ ವಸ್ತುಗಳನ್ನು ಅಲ್ಲಿಯ ಕೆಸರಿನಲ್ಲಿ ಬಿಡುತ್ತದೆ. ಟೆಕ್ಸಸ್‌ನ ಆಸ್ಟಿನ್ ನಗರವು 2006ರಲ್ಲಿಯೇ ಅದನ್ನು ನಿಷೇಧಿಸಿತು. ತನ್ನ ಅಂಗಳದ ಕರ್ತವ್ಯವು ಕೆಳಗಿನ ಹಳ್ಳದ ಮೀನಿಗೆ ವಿಷವಾದರೆ ಅದು ಕರ್ತವ್ಯವೇ ಎಂಬ ಪ್ರಶ್ನೆ ಹೊಸದಲ್ಲ. ಯಜ್ಞದ ಪಶುಹಿಂಸೆಯ ವಿಷಯದಲ್ಲಿ, ವಿಧಿಸಿದ್ದರಿಂದ ದೋಷವಿಲ್ಲವೆಂದು ಮೀಮಾಂಸಕರೂ, ವಿಧಿಸಿದ್ದರೂ ಅಶುದ್ಧಿಯು ತಪ್ಪದೆಂದು ಸಾಂಖ್ಯರೂ ವಾದಿಸಿದರು. ಡಬ್ಬಿಯ ಮೇಲಣ ಸಣ್ಣಕ್ಷರವನ್ನು ಓದಿ, ಟಾರಿಲ್ಲದ್ದನ್ನೇ ಮಗನು ತಂದಿದ್ದನು. ಈ ಒಂದು ವಿಷಯದಲ್ಲಿ ನಾನೂ ಸಾಂಖ್ಯರ ಪಕ್ಷವೇ.