ತವರಿನ ಜೋಡುನಳಿಗೆ

ವಸ್ತು ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ, ಎಲ್ಲವೂ ಹಿಡಿದ ಕೈಯ ಮೇಲೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಈಳಿಗೆಮಣೆಯ ವಿಷಯದಲ್ಲಿ ಈ ಮಾತು ಸರಿ. ಕುಡುಗೋಲಿನ ವಿಷಯದಲ್ಲೂ ಸರಿ. ವರ್ಷವೆಲ್ಲ ಜೋಳ ಕೊಯ್ಯುವ ಕುಡುಗೋಲು ಎಂದೋ ಒಮ್ಮೆ ಸಿಟ್ಟಿನ ಕೈಗೆ ಸಿಕ್ಕರೆ ಮನುಷ್ಯನ ಮೇಲೆ ಬೀಳುತ್ತದೆ, ತಪ್ಪು ಕುಡುಗೋಲಿನದಲ್ಲ. ಆದರೆ ಬಂದೂಕಿನಿಂದ ಜೋಳ ಕೊಯ್ಯಲು ಬರುವುದಿಲ್ಲ. ಅದನ್ನು ಮಾಡಿದ್ದೇ ದೂರದಲ್ಲಿರುವ ಜೀವವನ್ನು ಇಲ್ಲವಾಗಿಸಲು. ಅಂಥ ವಸ್ತುವೊಂದು ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಯಾರನ್ನೂ ಕೊಲ್ಲದೆ ಗೋಡೆಯ ಗೂಟದ ಮೇಲೆ ಸುಮ್ಮನೆ ಮಲಗಿದ್ದರೆ ಅದನ್ನು ನಿರಪರಾಧಿ ಎನ್ನಬಹುದೇ? ಅದನ್ನು ಇಟ್ಟುಕೊಂಡ ಮನೆಯವರನ್ನು?

ಈ ಪ್ರಶ್ನೆ ನನಗೆ ಒಂದು ಸರಕಾರಿ ಕಾಗದದಿಂದ ಬಂತು. ನನ್ನ ತವರು ಸೇಡಂ ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿದ್ದ ಜೋಡುನಳಿಗೆ ಬಂದೂಕು ಪೊಲೀಸ್ ಠಾಣೆಗೆ ಹೋಯಿತು. ಲೈಸೆನ್ಸು ಪಡೆದವರು ಸತ್ತರೆ ಬಂದೂಕನ್ನು ಠಾಣೆಯಲ್ಲೋ ಪರವಾನಗಿ ಇರುವ ಅಂಗಡಿಯಲ್ಲೋ ಒಪ್ಪಿಸಬೇಕು ಎಂಬುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ನಿಯಮ. ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕೆಂದು ಅಣ್ಣನ ಆಸೆ. ಅದಕ್ಕೆ ಉಳಿದ ವಾರಸುದಾರರ ಒಪ್ಪಿಗೆ ಬೇಕು. ಹೀಗಾಗಿ 'ನನ್ನ ತಕರಾರೇನೂ ಇಲ್ಲ' ಎಂದು ಬರೆದ ಒಂದು ಹಾಳೆ ಶಹಾಬಾದಿನ ನಮ್ಮ ಮನೆಗೆ ಬಂತು. ಆ ಬಂದೂಕಿನ ಬಗ್ಗೆ ಮನೆಯ ಹೆಣ್ಣುಮಕ್ಕಳನ್ನು ಯಾರಾದರೂ ಕೇಳಿದ್ದು ಅದೇ ಮೊದಲು.

ಹತ್ತಿರದಿಂದ ನೋಡಿದ್ದು ಮಾತ್ರ ಎಷ್ಟೋ ಸಲ. ಮಹಾನವಮಿಯ ಹಿಂದಿನ ದಿನ ಅಪ್ಪ ಅದನ್ನು ಇಳಿಸಿ ಒರೆಸುತ್ತಿದ್ದರು, ಎಣ್ಣೆಬಟ್ಟೆ ಹಿಡಿದುಕೊಳ್ಳುವ ಕೆಲಸ ನನ್ನದು. ಅಕ್ಕಪಕ್ಕ ಬೆಸೆದ ಎರಡು ಕೊಳವೆ, ಅವುಗಳ ನಡುವೆ ಕಣ್ಣಿಗೆ ದಾರಿ ತೋರಿಸುವ ತೆಳ್ಳನೆಯ ಪಟ್ಟಿ. ಸನ್ನೆಯನ್ನು ಸರಿಸಿದರೆ ನಳಿಗೆಗಳು ಬಾಗಿಲ ಕೀಲಿನಂಥ ಕೀಲಿನ ಮೇಲೆ ಮುಂದಕ್ಕೆ ಬಾಗಿ ಹಿಂದಿನ ಬಾಯಿ ತೆರೆಯುತ್ತಿತ್ತು. ಎರಡು ತೋಟಾ ಇಟ್ಟು ಮುಚ್ಚುವುದು, ಅಷ್ಟೇ. ಹೊರಗೆ ಎರಡು ಕಿವಿ ನಿಗುರಿಸಿದಂತೆ ನಿಂತ ಕೊಕ್ಕೆಗಳಿಗೆ ಅಪ್ಪ ಕುದುರೆ ಎನ್ನುತ್ತಿದ್ದರು. ಹೆಬ್ಬೆರಳಿನಿಂದ ಅವನ್ನು ಹಿಂದಕ್ಕೆ ಎಳೆದು ನಿಲ್ಲಿಸಬೇಕು. ಟ್ರಿಗರ್ ಎಳೆದಾಗ ಸ್ಪ್ರಿಂಗಿನ ಬಲಕ್ಕೆ ಮುಂದೆ ಬಡಿದು ಒಳಗಿನ ಕಡ್ಡಿಯನ್ನು ತೋಟಾದ ತಳಕ್ಕೆ ಹೊಡೆಯುತ್ತವೆ. 1875ರಲ್ಲಿ ಬರ್ಮಿಂಗ್‌ಹ್ಯಾಮಿನ ವೆಸ್ಟ್ಲಿ ರಿಚರ್ಡ್ಸ್ ಕಂಪನಿಯ ಆನ್ಸನ್ ಮತ್ತು ಡೀಲಿ ಎಂಬಿಬ್ಬರು ಈ ಕುದುರೆಗಳನ್ನು ಪೆಟ್ಟಿಗೆಯೊಳಗೆ ಅಡಗಿಸಿಬಿಟ್ಟರು. ನಳಿಗೆ ಬಾಗಿಸಿದರೆ ಸಾಕು, ಒಳಗೆ ತಾವೇ ಸಜ್ಜಾಗಿ ನಿಲ್ಲುತ್ತವೆ. ಅಲ್ಲಿಂದ ಮುಂದೆ ಬಂದೂಕು ಸಿಡಿಯಲು ಸಿದ್ಧವಿದೆಯೋ ಇಲ್ಲವೋ ಹೊರಗಿನಿಂದ ನೋಡಿದವರಿಗೆ ಸುಲಭವಾಗಿ ತಿಳಿಯದಂತಾಯಿತು. ನಮ್ಮದು ಹಳೆಯ ಮಾದರಿ, ಸಿಟ್ಟು ಮುಖದ ಮೇಲೆ ಕಾಣುತ್ತಿತ್ತು. ಗಂಡಸರಲ್ಲೂ ಈ ಎರಡು ಬಗೆ ಇದೆ, ಬಿಡಿ.

ಹನ್ನೆರಡು ಬೋರು ಎಂದರೇನೆಂದು ಕೇಳಿದಾಗ ಅಪ್ಪ ಹೇಳಿದ್ದು ಅಡುಗೆಮನೆಯ ಲೆಕ್ಕದ ಹಾಗಿತ್ತು. ಒಂದು ಪೌಂಡ್ ಸೀಸವನ್ನು ಸಮನಾಗಿ 12 ಉಂಡೆ ಕಟ್ಟಿದರೆ ಅದರಲ್ಲಿ ಒಂದು ಉಂಡೆ ಸರಿಯಾಗಿ ಹಿಡಿಸುವ ನಳಿಗೆ ಹನ್ನೆರಡು ಬೋರಿನದು. 16 ಉಂಡೆಯಾದರೆ ಹದಿನಾರು ಬೋರು, ನಳಿಗೆ ಸಣ್ಣದು. ಸಂಖ್ಯೆ ಹೆಚ್ಚಿದಂತೆ ಬಾಯಿ ಕಿರಿದಾಗುವುದು ನನಗೆ ಬಹಳ ದಿನ ವಿಚಿತ್ರವಾಗಿ ಕಂಡಿತ್ತು.

ನಳಿಗೆ ಎರಡೇಕೆ? ಬಾಯಿಯಿಂದ ಮದ್ದು ತುಂಬಿ ಗಜದಿಂದ ಜಡಿಯುತ್ತಿದ್ದ ಕಾಲದಲ್ಲಿ ಒಮ್ಮೆ ಗುರಿ ತಪ್ಪಿದರೆ ಮತ್ತೆ ತುಂಬುವಷ್ಟರಲ್ಲಿ ಬೇಟೆ ಊರು ದಾಟಿರುತ್ತಿತ್ತು. ಅದಕ್ಕೆ ಎರಡನೆಯ ನಳಿಗೆ. ಎರಡಕ್ಕೂ ಬೇರೆ ಬೇರೆ ಟ್ರಿಗರ್. ಸಾಮಾನ್ಯವಾಗಿ ಮುಂದಿನದು ಬಲನಳಿಗೆಯದು, ಅದು ಚರೆಗಳನ್ನು ಅಗಲವಾಗಿ ಚೆಲ್ಲುತ್ತದೆ. ಹಿಂದಿನದು ಎಡನಳಿಗೆಯದು, ಅದರ ಬಾಯಿ ತುಸು ಬಿಗಿ, ಚರೆಗಳು ಒತ್ತಾಗಿ ದೂರ ಹೋಗುತ್ತವೆ. ಮೊದಲ ಹೊಡೆತ ತಪ್ಪಿದಾಗ ಹಕ್ಕಿ ಇನ್ನಷ್ಟು ದೂರ ಹಾರಿರುತ್ತದೆಯಲ್ಲ, ಅದಕ್ಕೆ. ಹಕ್ಕಿಯ ಒಂದು ಕ್ಷಣದ ಹಾರಾಟವನ್ನು ಇಷ್ಟು ಧ್ಯಾನಿಸಿದವರು ಕವಿಗಳಲ್ಲೂ ಕಡಿಮೆ. ಚಕಮಕಿ ಕಲ್ಲಿನ ಕಿಡಿಯನ್ನು ಕಂಡ ಕೂಡಲೇ ಹಕ್ಕಿಗಳು ತಪ್ಪಿಸಿಕೊಳ್ಳುತ್ತವೆಂದು ಬೇಸತ್ತು, 1807ರಲ್ಲಿ ಹೊಸ ಬಗೆಯ ಸಿಡಿಮದ್ದಿನ ಬೀಗಕ್ಕೆ ಪೇಟೆಂಟ್ ಪಡೆದ ಅಲೆಗ್ಸಾಂಡರ್ ಫೋರ್ಸೈತ್ ಸ್ಕಾಟ್ಲೆಂಡಿನ ಒಬ್ಬ ಪಾದ್ರಿ! ಭಾನುವಾರ ದಯೆಯ ಬಗ್ಗೆ ಉಪದೇಶ ಮಾಡಿ, ಸೋಮವಾರ ಬಾತುಕೋಳಿ ತಪ್ಪಿಸಿಕೊಳ್ಳದಂತೆ ಉಪಾಯ ಹುಡುಕುವುದು ಅವನಿಗೆ ವಿರೋಧವೆನಿಸಿರಲಿಕ್ಕಿಲ್ಲ. ಅವನನ್ನು ನೋಡಿ ನಗುವ ನಾವೂ ಬಂದೂಕಿಗೆ ಕುಂಕುಮ ಹಚ್ಚುತ್ತೇವೆ.

ಇದು ನಮ್ಮ ಕಡೆಗೆ ಬಂದ ದಾರಿಯನ್ನು ನಾನು ಊಹಿಸಬಲ್ಲೆ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡತೊಡಗಿತು. ಮುಂಬಯಿಯ ಹಡಗಿನಿಂದಿಳಿದ ಸಾಮಾನು ವಾಡಿಯಲ್ಲಿ ಗಾಡಿ ಬದಲಿಸಿ ಚಿತ್ತಾಪುರ, ಸೇಡಂ ದಾಟಿ ಹೈದರಾಬಾದಿನ ಕಡೆ ಹೋಗುತ್ತಿತ್ತು. ಗಡಿಯಾರ, ಗ್ರಾಮಾಫೋನು, ಬಂದೂಕು ಎಲ್ಲವೂ ದೇಶಮುಖರ, ವತನದಾರರ ಪಡಸಾಲೆಗಳಿಗೆ ಹೀಗೇ ಬಂದಿರಬೇಕು. ಚಿಂಚೋಳಿಯ ಕಾಡಿನಲ್ಲಿ ಆಗ ಶಿಕಾರಿ ದೊಡ್ಡ ಮರ್ಯಾದೆಯ ಕೆಲಸ. ಈಗ ಅದೇ ಕಾಡು 2011ರಿಂದ ವನ್ಯಜೀವಿ ಧಾಮ. 1972ರ ಕಾಯ್ದೆ ಬಂದ ಮೇಲೆ ಶಿಕಾರಿ ಅಪರಾಧ. ಬೆಳೆ ರಕ್ಷಣೆಗೆಂದು ಲೈಸೆನ್ಸು ಪಡೆದ ರೈತನೂ ಅನುಮತಿಯಿಲ್ಲದೆ ಕಾಡುಹಂದಿಯನ್ನು ಕೊಲ್ಲುವಂತಿಲ್ಲ. ಅಜ್ಜನ ಕಾಲದ ಪೌರುಷ ಮೊಮ್ಮಗನ ಕಾಲಕ್ಕೆ ಜೈಲಿನ ದಾರಿಯಾಯಿತು. ಧರ್ಮ ಬದಲಾಯಿತೋ, ಕಾನೂನು ಮಾತ್ರ ಬದಲಾಯಿತೋ?

ಆ ನಳಿಗೆಗಳು ನೋಡಲು ಬಹಳ ಚೆಂದ ಎಂಬುದನ್ನು ಹೇಳದಿದ್ದರೆ ಸುಳ್ಳಾಡಿದಂತೆ. ಮೈಮೇಲೆಲ್ಲ ಸುರುಳಿ ಸುರುಳಿ ವಿನ್ಯಾಸ. ಇದಕ್ಕೆ ದಮಾಸ್ಕಸ್ ನಳಿಗೆ ಎನ್ನುತ್ತಾರೆ. ಹೆಚ್ಚಾಗಿ ಬೆಲ್ಜಿಯಂ ದೇಶದ ಲೀಜ್ ಪಟ್ಟಣದ ಸುತ್ತ ತಯಾರಾಗುತ್ತಿದ್ದುವಂತೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಕಾಯಿಸಿ, ಜಡೆ ಹೆಣೆದ ಹಾಗೆ ತಿರುಚಿ, ಸರಳಿನ ಸುತ್ತ ಸುತ್ತಿ, ಬಡಿದು ಬಡಿದು ಬೆಸೆಯುತ್ತಿದ್ದರು. ಆಸಿಡ್ಡಿನಲ್ಲಿ ಅದ್ದಿದಾಗ ಎರಡು ಲೋಹ ಎರಡು ಬಣ್ಣ ತಾಳಿ ಚಿತ್ತಾರ ಮೂಡುತ್ತದೆ. ಆದರೆ ಆ ಬೆಸುಗೆಯ ಸಂದುಗಳಲ್ಲಿ ಕಣ್ಣಿಗೆ ಕಾಣದ ತುಕ್ಕು ಹಿಡಿಯುತ್ತದೆ. ಹಳೆಯ ಕರಿಮದ್ದಿಗೆಂದು ಮಾಡಿದ ಇಂಥ ನಳಿಗೆಗೆ ಇಂದಿನ ತೋಟಾ ಹಾಕಿದರೆ ಅದು ಒಡೆದು ಹೊಡೆದವನ ಎಡಗೈಯೇ ಹೋಗಬಹುದು. ಹೀಗಾಗಿ ನಮ್ಮ ಬಂದೂಕಿನಿಂದ ಈಗ ಯಾರಿಗಾದರೂ ಖಂಡಿತ ಅಪಾಯವಿದ್ದರೆ ಅದು ಅಣ್ಣನಿಗೆ.

ಹಾಗಾದರೆ ಇದು ಬರೀ ಹಳೆಯ ಸಾಮಾನಲ್ಲವೇ, ಲೈಸೆನ್ಸು ಏಕೆ ಬೇಕು ಎಂದು ನೀವು ಕೇಳಬಹುದು. ಪುರಾತನ ಬೆಲೆಯ, ಬಳಕೆ ತಪ್ಪಿದ, ಕೆಟ್ಟುಹೋದ ಆಯುಧಗಳಿಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಆದರೆ ದುರಸ್ತಿ ಮಾಡಿಯೂ ಅದನ್ನು ಬಂದೂಕಾಗಿ ಬಳಸುವ ಸಂಭವ ಇರಬಾರದು. ಈ ಒಂದು ಸಾಲು ನನಗೆ ಬಹಳ ಹಿಡಿಸಿತು. ಎಷ್ಟು ವರ್ಷದಿಂದ ಸುಮ್ಮನಿದೆ ಎಂದು ಕಾನೂನು ಕೇಳುವುದಿಲ್ಲ, ಇನ್ನು ಸಿಡಿಯಬಲ್ಲುದೇ ಎಂದು ಕೇಳುತ್ತದೆ.

ಸಿಡಿಯದೆಯೂ ಅದು ಮನೆಯಲ್ಲಿ ಕೆಲಸ ಮಾಡುತ್ತಿತ್ತು. ಅಜ್ಜ ಊಟಕ್ಕೆ ಕೂತಾಗ ಯಾರೂ ಎದುರು ಮಾತಾಡುತ್ತಿರಲಿಲ್ಲ. ಅವರ ತಲೆಯ ಮೇಲಿನ ಗೋಡೆಯಲ್ಲಿ ಅದು ಇತ್ತು. ಅಜ್ಜ ಅದನ್ನು ಮನೆಯವರಿಗೆ ತೋರಿಸಿ ಹೆದರಿಸಿದವರಲ್ಲ, ತೋರಿಸುವ ಅಗತ್ಯವೂ ಬೀಳಲಿಲ್ಲ. ನಮ್ಮ ಆಯಿ, ಎಂದರೆ ಅಜ್ಜಿ, ವರ್ಷಕ್ಕೊಮ್ಮೆ ಅರಿಷಿಣ ಕುಂಕುಮ ಏರಿಸಲು ಮಾತ್ರ ಅದನ್ನು ಮುಟ್ಟಬಹುದಿತ್ತು. ಚುನಾವಣೆ ಬಂದಾಗ ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕಲ್ಲ, ಆಗ ಅದು ಗೋಣಿಚೀಲದಲ್ಲಿ ಸುತ್ತಿಕೊಂಡು ಹೋಗುತ್ತಿತ್ತು. "ಸವತಿ ತವರಿಗಿ ಹೋಗ್ಯಾಳ" ಎಂದು ಆಯಿ ನಗುತ್ತಿದ್ದಳು. ಆ ದಿನಗಳಲ್ಲಿ ಪಡಸಾಲೆಯಲ್ಲಿ ಹೆಂಗಸರ ದನಿ ತುಸು ಎತ್ತರಿಸಿ ಕೇಳುತ್ತಿತ್ತೆಂದು ನನಗೆ ಈಗ ಅನಿಸುತ್ತದೆ. ಕಟ್ಟಕಡೆಗೆ ಅದು ಸಿಡಿದದ್ದು ಅಣ್ಣನ ಜಾವಳದ ದಿನ, ಗಾಳಿಗೆ. ನನ್ನ ಜಾವಳಕ್ಕೆ ಸಿಡಿಯಲಿಲ್ಲ. ಕೊಡಗಿನಲ್ಲೂ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸತ್ತವರಿಗೆ ಎರಡು ಗುಂಡು ಹಾರಿಸುವ ಸಂಪ್ರದಾಯವಿದೆ. ಅಲ್ಲಿ ಕೈಲ್‌ಪೋಳ್ದ್ ಹಬ್ಬಕ್ಕೆ ಕೋವಿಯನ್ನು ಪೂಜಿಸುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಇರುವ ವಿನಾಯಿತಿಯನ್ನು 2021ರಲ್ಲಿ ಹೈಕೋರ್ಟು ಎತ್ತಿಹಿಡಿದಿದೆ. ಅವರ ಕೋವಿ ಅವರ ಗುರುತು, ಅದರ ಬಗ್ಗೆ ನಾನು ಮಾತಾಡುವುದು ತರವಲ್ಲ. ನಮ್ಮ ಮನೆಯ ಬಂದೂಕು ಏನಾಗಿತ್ತು ಎಂಬುದಷ್ಟೇ ನನ್ನ ಪ್ರಶ್ನೆ.

ಅದಕ್ಕೆ ಮನೆಯಲ್ಲಿ ಸಿದ್ಧ ಉತ್ತರವೊಂದಿತ್ತು: ಅದು ನಮ್ಮನ್ನು ಉಳಿಸಿತು. ರಜಾಕಾರರ ಹಾವಳಿಯ ಕಾಲದಲ್ಲಿ ಒಂದು ರಾತ್ರಿ ಹೆಂಗಸರು ಮಕ್ಕಳನ್ನೆಲ್ಲ ಹಗೇವಿನಲ್ಲಿ ಇಳಿಸಿ, ಅಜ್ಜ ಮಾಳಿಗೆ ಹತ್ತಿ ಎರಡೂ ನಳಿಗೆ ಹಾರಿಸಿದರಂತೆ. ಬಂದವರು ಹಳ್ಳದ ಆಚೆಯಿಂದಲೇ ತಿರುಗಿದರಂತೆ. ಆ ಕತ್ತಲೆಯಲ್ಲಿ ಜೋಳದ ಘಾಟಿಗೆ ಉಸಿರು ಕಟ್ಟಿ, ಕೂಸಿನ ಬಾಯಿ ಮುಚ್ಚಿ ಕೂತದ್ದನ್ನು ಆಯಿ ಹೇಳುವಾಗ ಈಗಲೂ ಬೆವರುತ್ತಿದ್ದಳು. ಆ ರಾತ್ರಿ ಬಂದೂಕು ಇರದಿದ್ದರೆ ನಾನು ಇದನ್ನು ಬರೆಯಲು ಇರುತ್ತಿರಲಿಲ್ಲವೇನೋ. ಅಹಿಂಸೆಯ ಬಗ್ಗೆ ಮಾತಾಡುವಾಗಲೆಲ್ಲ ಆ ಹಗೇವನ್ನು ನೆನೆಯಬೇಕಾಗುತ್ತದೆ.

ಆದರೆ ಆಯಿಯ ಕತೆ 1948ರ ಸೆಪ್ಟೆಂಬರ್ 17ಕ್ಕೆ ನಿಂತುಬಿಡುತ್ತಿತ್ತು. 13ಕ್ಕೆ ಭಾರತದ ಸೈನ್ಯ ಬಂತು, 17ಕ್ಕೆ ನಿಜಾಮ ಶರಣಾದ. "ಮುಂದ?" ಎಂದರೆ, "ಮುಂದೇನ್, ಸರಕಾರ ಬಂತು, ಎಲ್ಲಾ ಸುಮ್ಮಗಾತು" ಎನ್ನುತ್ತಿದ್ದಳು. ನಮ್ಮ ಮನೆಯ ಹಿಂದೆ ಒಂದು ಹಾಳು ಓಣಿ ಇತ್ತು. ಮೊಣಕಾಲೆತ್ತರದ ಗೋಡೆಗಳು, ಜಾಲಿ, ಒಂದು ಮುಚ್ಚಿದ ಬಾವಿ. ಅಲ್ಲಿ ಆಡಬೇಡಿರೆಂದು ಮಕ್ಕಳಿಗೆ ಕಟ್ಟಪ್ಪಣೆ. ಅಲ್ಲಿ ಯಾರಿದ್ದರೆಂದು ಯಾರೂ ಹೇಳಲಿಲ್ಲ.

ನೆಹರೂ ಕಳಿಸಿದ ಪಂಡಿತ ಸುಂದರಲಾಲರ ಸಮಿತಿ ಆ ವರ್ಷದ ಕೊನೆಯಲ್ಲಿ ಹೈದರಾಬಾದ್ ರಾಜ್ಯವನ್ನು ಸುತ್ತಿತು. ಪೊಲೀಸ್ ಕಾರ್ಯಾಚರಣೆಯ ಸಮಯದಲ್ಲೂ ನಂತರವೂ ರಾಜ್ಯದಲ್ಲಿ 27 ಸಾವಿರದಿಂದ 40 ಸಾವಿರ ಜನ, ಬಹುಪಾಲು ಮುಸಲ್ಮಾನರು, ಸತ್ತಿರಬಹುದೆಂದು ಅದರ ಅಂದಾಜು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ಬೀದರ, ನಾಂದೇಡಗಳ ಜೊತೆಗೆ ನಮ್ಮ ಗುಲ್ಬರ್ಗದ ಹೆಸರೂ ಇದೆ. ಮುಸಲ್ಮಾನರ ಆಯುಧಗಳನ್ನು ಕಿತ್ತುಕೊಂಡು ಹಿಂದೂಗಳವನ್ನು ಎಷ್ಟೋ ಕಡೆ ಹಾಗೇ ಬಿಟ್ಟರೆಂದೂ ಅದರಲ್ಲಿದೆ. ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಇದನ್ನು ಓದಿದ ರಾತ್ರಿ ನನಗೆ ಗೂಟದ ಮೇಲಿನ ಬಂದೂಕಿನದೇ ಯೋಚನೆ. ಅದನ್ನು ನಮ್ಮಿಂದ ಯಾರೂ ಕಿತ್ತುಕೊಂಡಿರಲಿಲ್ಲ.

ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ನೀವು ಹೋಗಿರಬಹುದು, ಚಂದ್ರಲಾಂಬೆಯ ದರ್ಶನಕ್ಕೆ. ಅಲ್ಲಿನ ಕಾಳಿಗುಡಿಯ ಮಾಳಿಗೆ 1986ರಲ್ಲಿ ಕುಸಿದಾಗ ದೇವಿಯ ಪೀಠಕ್ಕೆ ಹಾಕಿದ್ದ ಕಲ್ಲು ಅಶೋಕನ ಶಾಸನವೆಂದು ತಿಳಿಯಿತು. ಹತ್ತಿರದ ಕನಗನಹಳ್ಳಿಯಲ್ಲಿ ರಾಣಿಯೊಂದಿಗೆ ನಿಂತ ಅಶೋಕನ ಉಬ್ಬುಶಿಲ್ಪವೂ ಸಿಕ್ಕಿತು, ಮೇಲೆ ಬ್ರಾಹ್ಮಿಯಲ್ಲಿ ಅವನ ಹೆಸರು. ಕಳಿಂಗದಲ್ಲಿ ತಾನು ಮಾಡಿದ ಕೊಲೆಗಾಗಿ ನೊಂದುಕೊಂಡ, ಬೇಟೆಯನ್ನು ಬಿಟ್ಟ ಅರಸ. ಆದರೆ ನೊಂದ ಮಾತು ಬರುವುದು ಅವನ ಹದಿಮೂರನೆಯ ಶಾಸನದಲ್ಲಿ. ಸನ್ನತಿಯ ಆ ಕಲ್ಲಿನಲ್ಲಿ ಹನ್ನೆರಡನೆಯದಿದೆ, ಹದಿನಾಲ್ಕನೆಯದಿದೆ, ಹದಿಮೂರು ಇಲ್ಲ. ಕಳಿಂಗದ ನೆಲದಲ್ಲೂ ಅದನ್ನು ಅವನು ಕೆತ್ತಿಸಲಿಲ್ಲ. ಅದೇ ಹದಿಮೂರನೆಯದರಲ್ಲಿ ಕಾಡಿನ ಜನರಿಗೆ, ನೊಂದಿದ್ದರೂ ನನಗೆ ಶಕ್ತಿಯಿದೆ ಎಂಬ ಎಚ್ಚರಿಕೆಯೂ ಇದೆ. ಆಯುಧವನ್ನು ಪೂರ್ತಿ ಕೆಳಗಿಡುವುದು ಅಶೋಕನಿಂದಲೂ ಆಗಲಿಲ್ಲ. ಅಣ್ಣನನ್ನು ಬೈಯಲು ಹೊರಟವಳು ಇದನ್ನು ನೆನೆದು ಸುಮ್ಮನಾದೆ.

ಅಣ್ಣ ಕಳಿಸಿದ ಕಾಗದಗಳ ಜೊತೆ ಅಜ್ಜನ ಮೊದಲ ಲೈಸೆನ್ಸಿನ ನಕಲಿತ್ತು. ನಿಜಾಮರ ಕಾಲದ್ದು, ಉರ್ದು. ಮನೆಯಲ್ಲಿ ಓದಬಲ್ಲವರಿಲ್ಲ. ನಮ್ಮ ಓಣಿಯಲ್ಲಿರುವ ನಿವೃತ್ತ ಉರ್ದು ಶಾಲೆಯ ಬಾಯಿಯವರ ಬಳಿ ಒಯ್ದೆ. ಅವರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು: ಎರಡು ನಳಿಗೆ, ಹನ್ನೆರಡು ಬೋರು, ಉದ್ದೇಶ ಶಿಕಾರಿ ಮತ್ತು ಹಿಫಾಜತ್. ಹಿಫಾಜತ್ ಎಂದರೆ ರಕ್ಷಣೆ ಎಂದು ಬಿಡಿಸಿ ಹೇಳಿದರು. ಆಮೇಲೆ ಊರಿನ ಹೆಸರಿಗೆ ಬಂದು, ಅದನ್ನು ಎರಡು ಸಲ ಓದಿ, "ನಮ್ಮ ನಾನಿ ಊರೂ ಆ ಕಡೀನೇ ಅದರೀ, ಆಕಿ ಮತ್ತ ಹೋಗಲೇ ಇಲ್ಲ" ಎಂದು ಹಾಳೆ ಮಡಚಿ ಕೊಟ್ಟು ಚಹಾಕ್ಕೆ ಇಡಲು ಒಳಗೆ ಹೋದರು.

ಅಣ್ಣನಿಗೆ ಪತ್ರ ಬರೆದಿದ್ದೇನೆ. ತಕರಾರಿದೆ ಎಂದಲ್ಲ, ಹಿಂದಿನ ಓಣಿಯಲ್ಲಿ ಯಾರ ಮನೆಗಳಿದ್ದವು, ಆ ಸೆಪ್ಟೆಂಬರ್ ತಿಂಗಳಲ್ಲಿ ಬಂದೂಕು ಗೂಟದ ಮೇಲಿತ್ತೇ, ಅಪ್ಪ ನಿನಗೇನಾದರೂ ಹೇಳಿದ್ದರೇ ಎಂದು ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಸಹಿ ಮಾಡಬೇಕಾದ ಹಾಳೆ ಟ್ರಂಕಿನಲ್ಲಿ, ಇಳಕಲ್ ಸೀರೆಯ ಅಡಿಯಲ್ಲಿದೆ.